ಶೋಕೇಸಿನ ಗೊಂಬೆ, ಮೊಬೈಲಿನ ಗಂಡಸು

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಈ ದಂಪತಿ ಬೆಂಗಳೂರಿನವರು. ಪತಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಎಂಜಿನಿಯರ್, ಪತ್ನಿ ಬ್ಯಾಂಕ್ ಉದ್ಯೋಗಿ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಇಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಊರು, ಉದ್ಯೋಗ, ವಯಸ್ಸುಗಳನ್ನು ಅಷ್ಟಿಷ್ಟು ಬದಲಿಸಿ ಬರೆಯುತ್ತಿದ್ದೇನೆ. ಸಮಯ ಕೇಳಲು ಫೋನ್ ಮಾಡಿದವರು ಪತಿ. "ಹೆಂಡತಿಗೆ ಮೊಬೈಲ್ ಗೇಮಿನ ಚಟ ಹತ್ತಿದೆ ಮೇಡಂ, ಅದೂ ಒಂಥರಾ ಗೇಮು, ಬಂದು ಹೇಳ್ತೀನಿ" ಎಂದಷ್ಟೇ ಹೇಳಿದ್ದರು.

ನಡೆದದ್ದು ಹೀಗೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಪತಿಯ ತಾಯಿ ಹಾಸನದ ಕಡೆಯ ಹಳ್ಳಿಯಿಂದ ಬಂದು ಮಗನ ಮನೆಯಲ್ಲಿದ್ದರು. ಒಂದು ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೊರಟವರಿಗೆ ಊಟದ ಮೇಜಿನಲ್ಲಿ ಸೊಸೆ ಓದುತ್ತ ಕುಳಿತಿದ್ದು ಕಂಡಿತು. ಬಡ್ತಿಗೆ ಅನುಕೂಲವಾಗಲೆಂದು ಆಕೆ ಬ್ಯಾಂಕ್ ನೌಕರರಿಗೆಂದೇ ಇರುವ ಜೆಎಐಐಬಿ ಪರೀಕ್ಷೆಗೆ ಸಿದ್ಧತೆ ನಡೆಸಿದ್ದರು. ಎದುರಿಗೆ ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟ ಮೊಬೈಲು, ಅದರಲ್ಲಿ ತನ್ನ ಪಾಡಿಗೆ ಕೆಲಸ ಮಾಡುತ್ತ, ನಡುನಡುವೆ ತಲೆಯೆತ್ತಿ ನೋಡುವ ಒಬ್ಬ ಚೆಂದದ ಯುವಕ. ವಿಡಿಯೊ ಕರೆ ಎಂದುಕೊಂಡ ಅತ್ತೆ "ಯಾರೇ ಅದು ಈ ಹೊತ್ನಲ್ಲಿ?" ಎಂದು ಕೇಳಿದರು. ಗೇಮು ಎಂದು ಸೊಸೆ ಹೇಳಿದ್ದನ್ನು ಅವರು ನಂಬಲಿಲ್ಲ. ಮರುದಿನ ಮಗ ಮೊಬೈಲು ತೆಗೆದು ನೋಡಿದಾಗ ಗೇಮೇ ಆಗಿತ್ತು. ಆದರೆ ಅದರ ಸಂಗ್ರಹದಲ್ಲಿದ್ದ ಚಿತ್ರದ ಕಾರ್ಡುಗಳಲ್ಲಿ ಅದೇ ಯುವಕ ಅಂಗಿಯ ಗುಂಡಿ ಬಿಚ್ಚಿ, ನೀರಿನಲ್ಲಿ ನೆನೆದು, ನೋಡುವವರ ಕಣ್ಣಿಗೆ ಕಣ್ಣು ಕೊಟ್ಟು ನಿಂತಿದ್ದ. ಜೊತೆಗೆ, ಒಂಬತ್ತು ತಿಂಗಳಲ್ಲಿ ಆ ಕಾರ್ಡುಗಳಿಗಾಗಿ ಆಕೆ ಸುಮಾರು 11,000 ರೂಪಾಯಿ ಕಟ್ಟಿದ್ದೂ ಬಯಲಾಯಿತು.

ಆಟದ ಹೆಸರು ಲವ್ ಅಂಡ್ ಡೀಪ್‌ಸ್ಪೇಸ್. ಚೀನಾದ ಕಂಪನಿಯೊಂದು 2024ರ ಜನವರಿಯಲ್ಲಿ ಬಿಡುಗಡೆ ಮಾಡಿದ, ಮಹಿಳಾ ಆಟಗಾರರನ್ನೇ ಉದ್ದೇಶಿಸಿದ ಪ್ರಣಯದ ಆಟ. ರಾಕ್ಷಸರೊಂದಿಗೆ ಕಾದಾಟವೂ ಇದೆಯಾದರೂ ಅದರ ಜೀವಾಳ ಕೆಲವು ಗಂಡು ಪಾತ್ರಗಳು. ಆಕೆ ಮೆಚ್ಚಿದ ಝೇನ್ ಎಂಬವನು ಹೃದಯದ ಶಸ್ತ್ರಚಿಕಿತ್ಸಕ, ಮಾತು ಕಡಿಮೆ. ಓದುವಾಗ ಜೊತೆಗೆ ಕೂರುವ, ಮುಟ್ಟಿನ ದಿನಗಳನ್ನು ನೆನಪಿಡುವ ಸೌಲಭ್ಯಗಳೂ ಆಟದೊಳಗೇ ಇವೆ.

ಮೊದಲ ಭೇಟಿಯಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಆಕೆಯನ್ನು ನಾನು ದಿನಕ್ಕೆ ಎಷ್ಟು ಹೊತ್ತು ಆಡುತ್ತೀರಿ, ಎಷ್ಟು ಖರ್ಚು ಮಾಡಿದ್ದೀರಿ, ಯಾವಾಗಿನಿಂದ ಎಂದು ವಿವರವಾಗಿ ಕೇಳಿದೆ. ಪತಿಯನ್ನು ಮಾತ್ರ ನಿಮಗೆ ಯಾವಾಗ ಗೊತ್ತಾಯಿತು, ಎಷ್ಟು ನೋವಾಯಿತು ಎಂದು ಕೇಳಿದೆ. ಪತಿಯೂ ಗೇಮರ್ ಎಂಬುದು ಅವರ ಮಾತಿನಲ್ಲೇ ತಿಳಿದಿತ್ತು. ಹಾಲ್‌ನಲ್ಲಿ ಪ್ಲೇಸ್ಟೇಷನ್ ಇದೆ, ವಾರಾಂತ್ಯದ ರಾತ್ರಿಗಳು ಅದಕ್ಕೇ ಮೀಸಲು. ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಬೇಕೆಂದು ನನಗೆ ತೋಚಲಿಲ್ಲ. ಎರಡನೆಯ ಭೇಟಿಯ ಕೊನೆಯಲ್ಲಿ ಆಕೆ ಏರುದನಿಯಿಲ್ಲದೆ ಕೇಳಿದರು: "ಮೇಡಂ, ನಮ್ಮನೆ ಶೋಕೇಸಲ್ಲಿ ಒಂದು ಗೊಂಬೆ ಇದೆ. ಅದಕ್ಕೆಷ್ಟು ಕೊಟ್ರು ಅಂತ ಇವರನ್ನ ಯಾರೂ ಕೇಳ್ಲಿಲ್ಲವಲ್ಲ?"

ಗೊಂಬೆಯ ಬೆಲೆ 16,000 ರೂಪಾಯಿ. 2017ರಲ್ಲಿ ಬಂದ ಜಪಾನಿನ ನಿಯರ್: ಆಟೊಮ್ಯಾಟಾ ಎಂಬ ಆಟದ ನಾಯಕಿ, 2ಬಿ ಎಂಬ ಹೆಣ್ಣು ಯಂತ್ರಮಾನವಿಯ ಪ್ರತಿಮೆ ಅದು. ಗೇಣುದ್ದದ ಕಪ್ಪು ಲಂಗ, ತೊಡೆಯವರೆಗಿನ ಕಾಲುಚೀಲ, ಎತ್ತರದ ಹಿಮ್ಮಡಿ, ಕಣ್ಣಿಗೆ ಕಪ್ಪು ಪಟ್ಟಿ. ತತ್ತ್ವಚಿಂತನೆಗೂ ದುಃಖಕ್ಕೂ ಹೆಸರಾದ ಆಟವೆಂಬುದು ನಿಜ, ಪತಿಯೂ ಅದನ್ನೇ ಒತ್ತಿ ಹೇಳಿದರು. ಆದರೆ ಅದೇ ಆಟದಲ್ಲಿ ಕ್ಯಾಮೆರಾವನ್ನು ನಾಯಕಿಯ ಲಂಗದ ಕೆಳಗೆ ಹತ್ತು ಸಲ ಒಯ್ದವರಿಗೆ, ಅವಳು ಪ್ರತಿ ಸಲವೂ ಕೈಯಿಂದ ತಳ್ಳುತ್ತಿದ್ದರೂ, ಒಂದು ಟ್ರೋಫಿ, ಎಂದರೆ ಆಟದೊಳಗಿನ ಪದಕ, ಕೊಡುತ್ತಾರೆ. ಆ ಟ್ರೋಫಿ ಅವರ ಖಾತೆಯಲ್ಲಿತ್ತು. ಹೆಂಡತಿಗೆ ಅದು ಮದುವೆಯಾದ ವರ್ಷವೇ ಗೊತ್ತಾಗಿತ್ತು. ಆಕೆ ಬಾಯಿ ಬಿಟ್ಟಿರಲಿಲ್ಲ.

ಅತ್ತೆಯೂ ಆ ಗೊಂಬೆಯನ್ನು ಬಂದಾಗಲೆಲ್ಲ ನೋಡುತ್ತಿದ್ದರು, ವಾರಕ್ಕೊಮ್ಮೆ ಸೀರೆಯ ಸೆರಗಿನಿಂದಲೇ ಅದರ ಧೂಳು ಒರೆಸುತ್ತಿದ್ದರು. "ಪಾಪ, ಕಣ್ಣಿಗೆ ಯಾಕೆ ಬಟ್ಟೆ ಕಟ್ಟಿದಾರೆ?" ಎಂಬ ಒಂದೇ ಒಂದು ಪ್ರಶ್ನೆ ಅವರದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನು ಆ ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ. ಶೋಕೇಸಿನಲ್ಲಿದ್ದವಳು ತಿರುಗಿ ನೋಡಲಾರಳು. ಮೊಬೈಲಿನಲ್ಲಿದ್ದವನು ತಮ್ಮ ಸೊಸೆಯನ್ನು ನೋಡುತ್ತಿದ್ದ, ಸೊಸೆ ಅವನನ್ನು ನೋಡುತ್ತಿದ್ದಳು. ಆ ಮನೆಯನ್ನು ಕಂಗೆಡಿಸಿದ್ದು ಈ ನೋಟವೇ ಎಂದು ನನಗೆ ಅನಿಸತೊಡಗಿತು, ಮೈ ಕಾಣಿಸಿದ್ದರ ಪ್ರಮಾಣ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಇತ್ತು.

ಮೂರನೆಯ ಭೇಟಿಯಲ್ಲಿ ಪತಿ ತಯಾರಾಗಿಯೇ ಬಂದಿದ್ದರು. ಅವರ ಮೊದಲ ವಾದ ಬೇಲೂರಿನದು. ಶಿಲಾಬಾಲಿಕೆಯರನ್ನು ಕೆತ್ತಿದ ನಾಡಿನವರು ನಾವು, ಕಲೆಯಲ್ಲಿ ಹೆಣ್ಣಿನ ಚೆಲುವಿಗೆ ನಾಚುವುದೇನಿದೆ ಎಂದರು. ನಾಚಬೇಕಾಗಿಲ್ಲ ಎಂದು ನಾನೂ ಒಪ್ಪಿದೆ. ಹಾಗಿದ್ದರೆ ಝೇನ್‌ನನ್ನು ಬಿಡಿಸಿದ ಕಲಾವಿದರಿಗೂ ಅದೇ ರಿಯಾಯಿತಿ ಸಲ್ಲಬೇಕಲ್ಲವೇ ಎಂದು ಕೇಳಿದೆ. 2024ರ ಏಪ್ರಿಲ್‌ನಲ್ಲಿ ಕೊರಿಯಾದ ಸ್ಟೆಲ್ಲರ್ ಬ್ಲೇಡ್ ಆಟ ಬಿಡುಗಡೆಯಾದಾಗ ನಾಯಕಿಯ ಕೆಲವು ಉಡುಪುಗಳ ಮೇಲೆ ತಯಾರಕರು ಇನ್ನಷ್ಟು ಬಟ್ಟೆ ಹೊದಿಸಿದರೆಂದು ಆಟಗಾರರು ಮನವಿಗಳಿಗೆ ಸಹಿ ಹಾಕಿದ್ದುಂಟು. ಪತಿಯೂ ಸಹಿ ಹಾಕಿದ್ದರು, ಕಲಾವಿದರ ಸ್ವಾತಂತ್ರ್ಯದ ಹೆಸರಿನಲ್ಲಿ. ಆ ಮಾತು ಬಂದಾಗ ಅವರೇ ನಕ್ಕುಬಿಟ್ಟರು.

ಎರಡನೆಯ ವಾದ ಹೆಚ್ಚು ಗಟ್ಟಿಯಾದದ್ದು, ಇದನ್ನು ನಾನು ಅನೇಕ ತರುಣರ ಬಾಯಲ್ಲಿ ಕೇಳಿದ್ದೇನೆ. ಗೇಮುಗಳಲ್ಲಿ ಗಂಡಸರನ್ನೂ ಅರೆಬೆತ್ತಲಾಗಿಯೇ ತೋರಿಸುತ್ತಾರೆ, ಗಾಡ್ ಆಫ್ ವಾರ್ ಆಟದ ನಾಯಕ ಕ್ರೇಟೋಸ್ ಅಂಗಿ ತೊಟ್ಟದ್ದನ್ನು ಯಾರು ಕಂಡಿದ್ದಾರೆ, ಅದಕ್ಕೆ ಯಾವ ಗಂಡಸೂ ತಕರಾರು ತೆಗೆಯುವುದಿಲ್ಲವಲ್ಲ ಎಂದು. ಆಗ ನಾನು ಅವರ ಫೋನಿನಲ್ಲೇ ಕ್ರೇಟೋಸ್‌ನ ಚಿತ್ರವನ್ನೂ, ಆಕೆಯ ಫೋನಿನಲ್ಲಿ ಝೇನ್‌ನ ಕಾರ್ಡನ್ನೂ ತೆಗೆಸಿ ಮೇಜಿನ ಮೇಲೆ ಪಕ್ಕಪಕ್ಕ ಇಡಿಸಿದೆ. ಕ್ರೇಟೋಸ್‌ನ ಎದೆ ಹೊಡೆತ ತಿನ್ನಲು, ಹೊಡೆತ ಕೊಡಲು ಇರುವ ಎದೆ. ಅವನು ನೋಡುವುದು ಶತ್ರುವನ್ನು. ಆಡುವ ಗಂಡು ಮಗ ಅವನನ್ನು ನೋಡುವುದಕ್ಕಿಂತ ಅವನೇ ಆಗಿಬಿಡುತ್ತಾನೆ. ಝೇನ್‌ನ ಭುಜ ಅಷ್ಟು ಅಗಲವಿಲ್ಲ, ಕೂದಲು ಹಣೆಗೆ ಬಿದ್ದಿದೆ, ಕೊರಳ ನರವನ್ನೂ ಬೆರಳ ಗೆಣ್ಣುಗಳನ್ನೂ ಬಿಡಿಸಿದವರು ಕೂತು ಬಿಡಿಸಿದ್ದಾರೆ, ಅವನು ಕಾಯುತ್ತಿದ್ದಾನೆ. "ಇವರಿಬ್ಬರಲ್ಲಿ ನಿಮಗೆ ಯಾರನ್ನು ಕಂಡರೆ ಮುಜುಗರ?" ಎಂದು ಕೇಳಿದೆ. ಪತಿ ಝೇನ್‌ನ ಕಡೆ ಬೆರಳು ತೋರಿಸಿದರು. ಬಟ್ಟೆ ಹೆಚ್ಚು ಇದ್ದದ್ದು ಅವನಿಗೇ.

2015ರ ವಿಚರ್ 3 ಆಟದ ಆರಂಭದಲ್ಲಿ ನಾಯಕ ಗೆರಾಲ್ಟ್ ಮರದ ತೊಟ್ಟಿಯಲ್ಲಿ ಕಾಲು ಚಾಚಿ ಸ್ನಾನ ಮಾಡುವ ದೃಶ್ಯವೊಂದಿದೆ. ಜಗತ್ತಿನ ಆಟಗಾರರು ಅದನ್ನು ವರ್ಷಗಟ್ಟಲೆ ನಗೆಚಾಟಿಕೆಗೆ ಬಳಸಿದರು, ಆ ತೊಟ್ಟಿಯ ಪ್ರತಿಮೆಯೂ ಮಾರಾಟಕ್ಕೆ ಬಂತು. ಪತಿಗೂ ಅದು ಪ್ರಿಯವಾದ ಜೋಕು. ಗಂಡಿನ ಬತ್ತಲೆ ಮೈಯನ್ನು ನೋಡುವಾಗ ಗಂಡಸರು ನಗುತ್ತಾರೆ. ನಕ್ಕರೆ ಅದು ಮೈಯಾಗಿ ಉಳಿಯುವುದಿಲ್ಲ, ತಮಾಷೆಯಾಗುತ್ತದೆ, ಯಾರಿಗೂ ಅಪಾಯವಿಲ್ಲ. ತೊಂದರೆ ಶುರುವಾಗುವುದು ಒಬ್ಬ ಹೆಂಗಸು ನಗದೆ ನೋಡಿದಾಗ.

ಈ ಹಂತದಲ್ಲಿ ಪತಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತನಾಡಿದೆ. ಅರ್ಧ ಗಂಟೆ ಹಣ, ಮರ್ಯಾದೆ, ಅಮ್ಮ ಎಂದೆಲ್ಲ ಸುತ್ತಿ ಬಂದ ಮೇಲೆ ಅವರು ಹೇಳಿದ ಸಂಗತಿಯನ್ನು, ಮುಂದೆ ಅವರ ಅನುಮತಿಯಿಂದಲೇ ಪತ್ನಿಯ ಎದುರಿಗೂ ಎತ್ತಿಕೊಂಡೆವು. ಕಾರ್ಡುಗಳನ್ನು ನೋಡಿದ ದಿನದಿಂದ ಅವರು ಮನೆಯಲ್ಲಿ ಬರಿ ಲುಂಗಿಯಲ್ಲಿ ಓಡಾಡುವುದನ್ನು ಬಿಟ್ಟಿದ್ದರು. ಸ್ನಾನದ ಮನೆಯಿಂದ ಬರುವಾಗಲೇ ಅಂಗಿ, ಬೇಸಿಗೆಯ ರಾತ್ರಿಯೂ ಮಲಗುವಾಗ ಟೀ ಶರ್ಟು, ಕೂತಾಗ ಹೊಟ್ಟೆಯ ಮೇಲೊಂದು ದಿಂಬು. ಹೆಂಡತಿ ಅದನ್ನು ಗಮನಿಸಿದ್ದರು, ಕೋಪದಿಂದ ದೂರವಿದ್ದಾರೆ ಎಂದುಕೊಂಡಿದ್ದರು. ವಿಷಯ ತಿಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ನಾಲ್ಕು ವರ್ಷದಿಂದ ಆ ಶೋಕೇಸಿನ ಮುಂದೆ ಹಾದುಹೋಗುವಾಗ ಸೆರಗು ಸರಿ ಮಾಡ್ಕೋತೀನಿ, ಅದು ನಿಮಗೆ ಕಂಡಿಲ್ಲ" ಎಂದರು.

ತನ್ನ ಮೈಯನ್ನು ತಾನೇ ಹೊರಗಿನವರ ಕಣ್ಣಿನಿಂದ ತೂಗಿ ನೋಡಿಕೊಳ್ಳುವ ಈ ಅಭ್ಯಾಸವನ್ನು ಮನಶ್ಶಾಸ್ತ್ರಜ್ಞೆಯರಾದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೊಮಿ-ಆನ್ ರಾಬರ್ಟ್ಸ್ 1997ರಲ್ಲೇ ವಿವರಿಸಿದ್ದಾರೆ. ಹೆಣ್ಣುಮಕ್ಕಳಿಗೆ ಅದು ಎಳವೆಯಿಂದಲೇ ಮೈಗೂಡುತ್ತದೆ ಎಂಬುದು ಅವರ ವಾದದ ತಿರುಳು. ಅದನ್ನು ಪತಿಗೆ ಪಾಠದಂತೆ ಹೇಳುವ ಅಗತ್ಯ ಬೀಳಲಿಲ್ಲ, ಎರಡೇ ತಿಂಗಳಲ್ಲಿ ದಿಂಬು ಹಿಡಿದು ಅವರೇ ಕಲಿತಿದ್ದರು.

ಹಾಗೆಂದು ಗೇಮುಗಳೇ ಮನಸ್ಸು ಕೆಡಿಸುತ್ತವೆ ಎಂದು ನಾನು ಇಬ್ಬರಿಗೂ ಹೇಳಲಿಲ್ಲ, ಹೇಳಲು ಆಧಾರವೂ ಸಾಲದು. ಕಂಪ್ಯೂಟರ್ ಸೃಷ್ಟಿಸಿದ ಲೋಕದಲ್ಲಿ ಮಾದಕವಾಗಿ ತೋರಿಸಿದ ಹೆಣ್ಣು ರೂಪದೊಳಗೆ ಹೊಕ್ಕ ಮಹಿಳೆಯರಲ್ಲಿ ತಮ್ಮ ಮೈಯ ಕುರಿತ ಯೋಚನೆ ಹೆಚ್ಚಿತೆಂದು 2013ರ ಒಂದು ಪ್ರಯೋಗ ತೋರಿಸಿದೆ; ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2022ರ ವಿಶ್ಲೇಷಣೆಗೆ ಗೇಮುಗಳ ಮಾದಕ ಚಿತ್ರಣಕ್ಕೂ ಆಟಗಾರರ ಮನಃಸ್ವಾಸ್ಥ್ಯಕ್ಕೂ, ಸ್ತ್ರೀದ್ವೇಷಕ್ಕೂ ನಡುವೆ ನಂಬಲರ್ಹವಾದ ನಂಟು ಸಿಗಲಿಲ್ಲ. ಆದ್ದರಿಂದ ನನ್ನ ಕೊಠಡಿಗೆ ಬಂದ ಸಮಸ್ಯೆಯನ್ನು ಆಟದ ದುಷ್ಪರಿಣಾಮ ಎಂದು ಬರೆಯದೆ, ಒಂದೇ ಬಗೆಯ ವರ್ತನೆಗೆ ಮನೆಯವರು ತೋರಿದ ಎರಡು ಬಗೆಯ ಪ್ರತಿಕ್ರಿಯೆ ಎಂದು ಬರೆದುಕೊಂಡೆ.

ಸಲಹೆಯ ಭಾಗಕ್ಕೆ ಬಂದರೆ, ಮೊದಲು ಒಂದೇ ಗಂಟು ಹಾಕಿದ್ದ ಮೂರು ವಿಷಯಗಳನ್ನು ಬಿಡಿಸಿದೆವು. ಹಣದ ವಿಷಯದಲ್ಲಿ ಪತ್ನಿಯ ತಪ್ಪಿತ್ತು, ಅದನ್ನು ಮೃದುಗೊಳಿಸಲು ನಾನು ಹೋಗಲಿಲ್ಲ. ಖರ್ಚಿನ ಮೊತ್ತಕ್ಕಿಂತ, ಅದನ್ನು ತರಕಾರಿ-ಹಾಲಿನ ಲೆಕ್ಕದಲ್ಲಿ ಸೇರಿಸಿ ಮುಚ್ಚಿಟ್ಟದ್ದು ಪತಿಯನ್ನು ನೋಯಿಸಿತ್ತು, ಅದು ನ್ಯಾಯವಾದ ನೋವು. ಇಂಥ ಆಟಗಳಲ್ಲಿ ಕಾರ್ಡು ಪಡೆಯುವುದು ಚೀಟಿ ಎತ್ತಿದಂತೆ. ಬೇಕಾದ ಚಿತ್ರ ಸಿಗುವ ಸಂಭವ ತೀರಾ ಕಡಿಮೆಯಿಟ್ಟು, ಇನ್ನೊಂದು ಸಲ, ಇನ್ನೊಂದೇ ಸಲ ಎನ್ನಿಸುವಂತೆ ಅದನ್ನು ರೂಪಿಸಿರುತ್ತಾರೆ. ಇಬ್ಬರಿಗೂ ತಿಂಗಳಿಗೆ ಸಮಾನ ಮೊತ್ತದ ಸ್ವಂತ ಖರ್ಚು ನಿಗದಿಯಾಯಿತು: ಆಕೆಯ ಕಾರ್ಡು, ಅವರ ಗೊಂಬೆ, ಎರಡೂ ಅದರಲ್ಲೇ. ಆ ಮಿತಿಯೊಳಗೆ ಏನು ಕೊಂಡರೂ ಒಬ್ಬರು ಇನ್ನೊಬ್ಬರಿಗೆ ಸಮಜಾಯಿಷಿ ಕೊಡಬೇಕಾಗಿಲ್ಲ, ಆದರೆ ಲೆಕ್ಕ ಬಚ್ಚಿಡುವಂತಿಲ್ಲ.

ಎರಡನೆಯದು, ಆಟದಿಂದ ಆಕೆಗೆ ಏನು ದಕ್ಕುತ್ತಿತ್ತು ಎಂಬುದು. ಆಕೆಯ ಉತ್ತರದಲ್ಲಿ ಎದೆ-ಭುಜಗಳ ಮಾತು ಬಂತು, ಅದನ್ನು ಆಕೆ ಅಲ್ಲಗಳೆಯಲಿಲ್ಲ, "ಚೆನ್ನಾಗಿದಾನೆ, ಅದಕ್ಕೇ ನೋಡ್ತೀನಿ" ಎಂದು ನೇರವಾಗಿ ಹೇಳಿದ್ದನ್ನು ನಾನು ಮೆಚ್ಚಿದೆ. ಆದರೆ ಹೆಚ್ಚು ಹೊತ್ತು ಆಕೆ ಮಾತನಾಡಿದ್ದು ಹತ್ತು ಗಂಟೆ ರಾತ್ರಿಯ ಬಗ್ಗೆ. ಪಾತ್ರೆ ತೊಳೆದಿಟ್ಟು ಪುಸ್ತಕ ತೆರೆದಾಗ ಹಾಲ್‌ನಿಂದ ಗುಂಡಿನ ಸದ್ದು ಬರುತ್ತಿತ್ತು, ಎದುರಿಗೆ ಕೂತು ಓದು ಮುಗಿಯಿತೇ ಎಂದು ಕೇಳುವವನು ಮೊಬೈಲಿನಲ್ಲಿ ಮಾತ್ರ ಇದ್ದ. ಪರೀಕ್ಷೆ ಮುಗಿಯುವವರೆಗೆ ವಾರದಲ್ಲಿ ನಾಲ್ಕು ರಾತ್ರಿ ಪತಿ ಅದೇ ಮೇಜಿಗೆ ತಮ್ಮ ಲ್ಯಾಪ್‌ಟಾಪ್ ತಂದು ಕೂರಬೇಕು, ಮಾತನಾಡುವ ಒತ್ತಾಯವಿಲ್ಲ ಎಂದು ಸೂಚಿಸಿದೆ. ಝೇನ್‌ನನ್ನು ಅಳಿಸಿಹಾಕುವ ಷರತ್ತು ಹಾಕಬಾರದು ಎಂದೂ ಹೇಳಿದೆ, ಗೊಂಬೆಯನ್ನು ಶೋಕೇಸಿನಿಂದ ಇಳಿಸುವ ಷರತ್ತನ್ನು ಆಕೆಯೂ ಹಾಕಬಾರದು. ತೆಗೆದಿಟ್ಟ ಮಾತ್ರಕ್ಕೆ ಸೆರಗಿನ ಕೈ ನಿಲ್ಲುವುದಿಲ್ಲ. ಅದು ನಿಲ್ಲಬೇಕಾದರೆ, ನಿನ್ನನ್ನು ನಾನು ಆ ಅಳತೆಗೆ ಹಿಡಿದು ನೋಡುವುದಿಲ್ಲ ಎಂದು ಗಂಡ ಬಾಯಿಬಿಟ್ಟು ಹೇಳಬೇಕು, ಹಾಗೆಯೇ ಹೆಂಡತಿಯೂ.

ಮೂರನೆಯದು ತಾಯಿಯ ವಿಷಯ. ಸೊಸೆಯ ನಡತೆಯ ಮೇಲೆ ಅವರಿಗೆ ಬಂದ ಸಂದೇಹವನ್ನು ಸೊಸೆಯೇ ನಿವಾರಿಸಬೇಕೆಂದು ಪತಿ ಬಯಸಿದ್ದರು. ಅದು ಮಗನ ಕೆಲಸ ಎಂದೆ. ಗೇಮಿನ ತಾಂತ್ರಿಕ ವಿವರಣೆ ಬೇಡ, "ಅಮ್ಮ, ನಾನು ಆ ಗೊಂಬೆ ಇಟ್ಟುಕೊಂಡ ಹಾಗೇ ಅವಳು ಇದನ್ನ ಇಟ್ಟುಕೊಂಡಿದಾಳೆ" ಎಂಬ ಒಂದು ಮಾತು ಸಾಕು ಎಂದು ಮಾತನ್ನೂ ಕೂಡಿಸಿಕೊಟ್ಟೆ.

ಆರು ಭೇಟಿಗಳ ನಂತರ ಅವರು ನಿಯಮಿತವಾಗಿ ಬರುವುದನ್ನು ನಿಲ್ಲಿಸಿದರು. ಮೂರು ತಿಂಗಳ ಬಳಿಕ ನಾನು ಫೋನ್ ಮಾಡಿದಾಗ ಪತ್ನಿ ಮಾತನಾಡಿ, ಪರೀಕ್ಷೆಯ ಒಂದು ವಿಷಯ ಬಾಕಿ ಉಳಿದಿದೆ, ಒಂದು ತಿಂಗಳು ಮಿತಿ ಮೀರಿದವರು ಗಂಡನೇ ಎಂದು ನಗುತ್ತ ಹೇಳಿದರು. ಊಟದ ಮೇಜಿನ ಒಪ್ಪಂದ ವಾರಕ್ಕೆ ಎರಡು ರಾತ್ರಿಗೆ ಇಳಿದಿದೆಯಂತೆ, ಲುಂಗಿ ಮರಳಿದೆಯಂತೆ. ಅತ್ತೆ ಇನ್ನೊಂದು ಕಣ್ಣಿನ ಶಸ್ತ್ರಚಿಕಿತ್ಸೆಗೆ ಮತ್ತೆ ಬಂದಿದ್ದಾರೆ, ಗೊಂಬೆಯ ಧೂಳು ಒರೆಸುತ್ತಾರೆ, ಸೊಸೆ ಮೊಬೈಲು ಹಿಡಿದರೆ ಮಾತು ನಿಲ್ಲಿಸುತ್ತಾರೆ. ಪತಿಗೆ ಫೋನ್ ಕೊಡಿಸಿ, ತಾಯಿಯ ಬಳಿ ಆ ಮಾತು ಆಡಿದಿರಾ ಎಂದು ಕೇಳಿದೆ.

"ಹೇಳ್ಬೇಕು ಮೇಡಂ" ಎಂದರು.