ಕಾಳುಮೆಣಸಿನ ಸುಂಕದಿಂದ ಕಟ್ಟಿದ ಮಠವನ್ನು ನೋಡಲು

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರು, ತೋಟದಲ್ಲಿ ಕಾಫಿ, ಮೆಣಸು ಇವೆ. ಪತ್ನಿ ಮತ್ತು ಮಂಡಿನೋವಿರುವ ತಾಯಿಯವರೊಡನೆ ಎಂಟು ದಿನ ಪೋರ್ಚುಗಲ್‌ನ ಲಿಸ್ಬನ್ ಹಾಗೂ ಸುತ್ತಲಿನ ಊರುಗಳನ್ನು ನೋಡುವ ಆಸೆಯಿದೆ. ಯಾವಾಗ ಹೋಗಬೇಕು, ಏನನ್ನು ತಪ್ಪದೆ ನೋಡಬೇಕು? ನಾವು ಸಸ್ಯಾಹಾರಿಗಳು.
– ಓದುಗರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಮೇ ತಿಂಗಳಲ್ಲಿ ಹೊರಡಿ. ಅಷ್ಟು ಹೊತ್ತಿಗೆ ನಿಮ್ಮ ಕೊಯ್ಲಿನ ಕೆಲಸವೆಲ್ಲ ಮುಗಿದಿರುತ್ತದೆ, ಮುಂಗಾರು ಇನ್ನೂ ಹಿಡಿದಿರುವುದಿಲ್ಲ. ಲಿಸ್ಬನ್‌ನಲ್ಲಾದರೋ ಮಳೆ ಬೀಳುವುದು ಚಳಿಗಾಲದಲ್ಲಿ, ಆದ್ದರಿಂದ ಮೇನಲ್ಲಿ ಹವೆ ಹಿತವಾಗಿದ್ದು, ಜುಲೈ–ಆಗಸ್ಟ್‌ನ ಬಿಸಿಲೂ ಜನಜಂಗುಳಿಯೂ ಇನ್ನೂ ಶುರುವಾಗಿರುವುದಿಲ್ಲ. ಪೋರ್ಚುಗಲ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಬೇರೇನನ್ನು ಬಿಟ್ಟರೂ, ನದಿಯ ದಡದ ಬೆಲೆಂ ಎಂಬ ಭಾಗಕ್ಕೆ ಒಂದು ಇಡೀ ದಿನ ಮೀಸಲಿಡಿ. 1497ರ ಜುಲೈನಲ್ಲಿ ವಾಸ್ಕೋ ಡ ಗಾಮಾ ಹಡಗು ಹತ್ತಿದ್ದು ಇಲ್ಲಿಂದ. ಮರುವರ್ಷ ಆತ ಕಲ್ಲಿಕೋಟೆ ಮುಟ್ಟಿದ. ಆಮೇಲೆ ನಮ್ಮ ಕರಾವಳಿಯಿಂದ ಹಡಗೇರಿದ ಕಾಳುಮೆಣಸು ಮೊದಲಾದ ಸಾಂಬಾರ ಪದಾರ್ಥಗಳ ಮೇಲಿನ ಸುಂಕದ ಹಣದಿಂದಲೇ 16ನೇ ಶತಮಾನದಲ್ಲಿ ಇಲ್ಲಿನ ಜೆರೊನಿಮೊಸ್ ಎಂಬ ಕ್ರೈಸ್ತ ಮಠವನ್ನು ಬಹುಮಟ್ಟಿಗೆ ಕಟ್ಟಿದರು. ಒಳಾಂಗಣದ ಸುತ್ತಲಿನ ಎರಡಂತಸ್ತಿನ ಮೊಗಸಾಲೆಯಲ್ಲಿ ಒಂದು ಕಂಬದ ಹತ್ತಿರ ಹೋಗಿ ನೋಡಿ: ಹಡಗಿನ ಹಗ್ಗವನ್ನೇ ಕಲ್ಲಿನಲ್ಲಿ ಹೊಸೆದು ಸುತ್ತಿದಂತಿರುತ್ತದೆ. ಬೇಲೂರು, ಹಳೇಬೀಡುಗಳನ್ನು ಕಂಡು ಬೆಳೆದ ಕಣ್ಣು ಅಲ್ಲಿಂದ ಬೇಗ ಕದಲುವುದಿಲ್ಲ. ಅವರದು ಸುಣ್ಣದ ಕಲ್ಲು, ನಮ್ಮದು ಬಳಪದ ಕಲ್ಲು, ಅಷ್ಟೇ. 1755ರ ನವೆಂಬರ್ 1ರ ಭೂಕಂಪದಲ್ಲಿ ಲಿಸ್ಬನ್ ನೆಲಕಚ್ಚಿದಾಗಲೂ ಈ ಮಠ ಬಹುಪಾಲು ಉಳಿಯಿತು. ಮಗ್ಗುಲ ಚರ್ಚಿನ ಬಾಗಿಲ ಬಳಿಯೇ ಗಾಮಾನ ಸಮಾಧಿಯಿದೆ. ಆ ವ್ಯಾಪಾರ ಫಿರಂಗಿಯ ಬಲದಿಂದ ನಡೆದದ್ದೆಂಬುದನ್ನು ತಾಯಿಯವರಿಗೂ ತಿಳಿಸಿ ಹೇಳಿ. ಸೋಮವಾರ ಮಠಕ್ಕೆ ರಜೆ.

ಲಿಸ್ಬನ್ನಿನ ರೊಸಿಯು ನಿಲ್ದಾಣದಿಂದ ರೈಲಿನಲ್ಲಿ ಸುಮಾರು 40 ನಿಮಿಷಕ್ಕೆ ಸಿಂತ್ರಾ ಎಂಬ ಊರು ಸಿಗುತ್ತದೆ. ಮಂಜು ಕವಿದ ಹಸಿರು ಬೆಟ್ಟ. ನಿಮಗೆ ಊರಿನ ನೆನಪಾದೀತು. ಬೆಟ್ಟದ ತುದಿಯ ಪೆನಾ ಅರಮನೆಗೆ ಗಂಟೆ ಗೊತ್ತುಮಾಡಿದ ಟಿಕೆಟನ್ನು ಮುಂಚೆಯೇ ಕೊಂಡು, ನಡೆಯದೆ ಬಸ್ಸಿನಲ್ಲೇ ಏರಿ. ಇನ್ನೊಂದು ದಿನ ರೋಮನ್ ದೇಗುಲದ ಕಂಬಗಳು ಇನ್ನೂ ನಿಂತಿರುವ ಎವೊರಾ ಸಾಕು. ಪ್ರತಿದಿನ ಒಂದೊಂದು ಊರಿಗೆ ಓಡಿದರೆ ಆ ಮಂಡಿಗಳು ತಡೆಯಲಾರವು. ಲಿಸ್ಬನ್ನಿನ ಕಾಲುದಾರಿಗಳಿಗೆ ಹಾಸಿರುವ ಸಣ್ಣ ಸಣ್ಣ ಕಲ್ಲುಗಳು ನೆನೆದರೆ ಜಾರುತ್ತವೆ. ಹಿಡಿತವಿರುವ ಶೂ ತೊಡಿಸಿ. 28ನೇ ನಂಬರಿನ ಟ್ರಾಮನ್ನು ಬೆಳಿಗ್ಗೆಯೇ ಹತ್ತಿ, ಜೇಬು ಜೋಪಾನ.

‘ಕಾಲ್ದೊ ವೆರ್ದೆ’ ಎಂಬ ಸೊಪ್ಪಿನ ಸಾರಿಗೆ ಸಾಮಾನ್ಯವಾಗಿ ಮಾಂಸದ ತುಂಡು ಹಾಕುತ್ತಾರೆ, ವಿಚಾರಿಸಿಯೇ ತಿನ್ನಿ. ಬೆಲೆಂನ ಹೆಸರಾಂತ ಸಿಹಿಯಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ‘ಬಿಕಾ’ ಎಂದರೆ ಹಾಲಿಲ್ಲದ ಗಟ್ಟಿ ಕಾಫಿ. ತಾಯಿಯವರಿಗೆ ಹಾಲು ಬೇಕಿದ್ದರೆ ‘ಗಲಾಂವ್’ ಎಂದು ಕೇಳಿ, ಉದ್ದ ಗಾಜಿನ ಲೋಟದಲ್ಲಿ ತಂದುಕೊಡುತ್ತಾರೆ.