ಅಧಿಕಪ್ರಸಂಗಿ ಅಂದರೆ ಯಾರು?

ಪ್ರಶ್ನೆ: ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಎಂಟನೇ ಕ್ಲಾಸಿನ ನನ್ನ ಮಗಳು ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಕೊಡುತ್ತಾ ಹುಡುಗನನ್ನು ಕೇಳಿಬಿಟ್ಟಳು, 'ನಿಮಗೆ ಅಡುಗೆ ಬರುತ್ತಾ?' ಅಂದಿನಿಂದ ನಮ್ಮತ್ತೆ ಅವಳನ್ನು 'ಅಧಿಕಪ್ರಸಂಗಿ' ಅಂತಲೇ ಕರೆಯುತ್ತಾರೆ. ಇದು ಅಷ್ಟು ಕೆಟ್ಟ ಬೈಗುಳವೇ? ಮಗಳು ಅರ್ಥ ಕೇಳುತ್ತಿದ್ದಾಳೆ.
– ಓದುಗರೊಬ್ಬರು, ತಿಪಟೂರು

ಉತ್ತರ: ಬೈಗುಳ ಹೌದು, ಆದರೆ ಮೆತ್ತನೆಯದು. ಪ್ರಸಂಗ ಅಂದರೆ ಸಂದರ್ಭ. ಅದು ಬೇಡುವುದಕ್ಕಿಂತ ಜಾಸ್ತಿ ಮಾತಾಡುವವರು ಅಧಿಕಪ್ರಸಂಗಿ. ತಮಿಳರು, ತೆಲುಗರು ಕೂಡ ಇದೇ ಪದ ಇಟ್ಟುಕೊಂಡಿದ್ದಾರೆ. ಅಲ್ಲಿಯ ಮಕ್ಕಳೂ ನಮ್ಮವರ ಹಾಗೇ ಇರಬೇಕು!

ಉಳಿದ ಬೈಗುಳಗಳ ಪಕ್ಕ ಇಟ್ಟು ನೋಡಿ. ಪೋಕರಿ ಅಂದರೆ ನಡತೆಯೇ ಸರಿಯಿಲ್ಲ. ಧಾರವಾಡದ ಕಡೆ ಉಡಾಳ ಅಂದರೆ ಹೇಳಿದ್ದು ಕೇಳದೆ ಊರು ಸುತ್ತುವವನು. ತಲೆಹರಟೆಯ ಮಾತಿಗೆ ತಲೆಬುಡ ಇರುವುದಿಲ್ಲ. ಕಿಡಿಗೇಡಿ ಈಗ ಬಸ್ಸಿಗೆ ಕಲ್ಲು ತೂರಿದ ಸುದ್ದಿಯಲ್ಲೇ ಹೆಚ್ಚು ಸಿಗುತ್ತಾನೆ. ಅಧಿಕಪ್ರಸಂಗಿ ಇವರ್ಯಾರ ಸಾಲಿಗೂ ಸೇರುವುದಿಲ್ಲ. ಅವರ ಮಾತು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಆಡಿದ ಜಾಗ, ಆಡಿದವರ ವಯಸ್ಸು ಹೊಂದುವುದಿಲ್ಲ, ಅಷ್ಟೆ. 'ಮಜ್ಜಿಗೆಗೆ ಬಂದವನಿಗೆ ಎಮ್ಮೆ ಕ್ರಯ ಯಾಕೆ?' ಅನ್ನುವ ಗಾದೆ ಇದೆಯಲ್ಲ, ಹಾಗೆ. ಕ್ರಯ ಕೇಳಬಾರದು ಅಂತೇನಿಲ್ಲ. ಕೇಳಿದವನ ಕೈಯಲ್ಲಿ ಖಾಲಿ ಚೊಂಬಿತ್ತು.

ಇನ್ನೊಂದು ವಿಷಯ. ಈ ಪದ ಹೆಚ್ಚಾಗಿ ದೊಡ್ಡವರ ಬಾಯಿಂದ ಚಿಕ್ಕವರ ಮೇಲೆ ಬೀಳುತ್ತದೆ. ಮದುವೆಮನೆ ಪಂಕ್ತಿಯಲ್ಲಿ ಕೂತು ಸಾರಿಗೆ ಉಪ್ಪು ಕಡಿಮೆ, ಛತ್ರದ ಬಾಡಿಗೆ ದುಬಾರಿ, ಗಂಡು ಸ್ವಲ್ಪ ಕುಳ್ಳ ಅಂತ ಪಾಯಸ ಬಂದು ಮಜ್ಜಿಗೆ ಬರುವವರೆಗೂ ಹೇಳುತ್ತಲೇ ಇರುವ ದೊಡ್ಡಪ್ಪನನ್ನು ಯಾರಾದರೂ ಅಧಿಕಪ್ರಸಂಗಿ ಅಂದದ್ದುಂಟಾ? ಅವರದು 'ಅನುಭವದ ಮಾತು'. ನಿಮ್ಮ ಮಗಳ ಜಾಗದಲ್ಲಿ ಮಗ ಇದ್ದು ಇದನ್ನೇ ಕೇಳಿದ್ದರೆ 'ಭಾರಿ ಚುರುಕು' ಅಂತ ನಕ್ಕು ಬಿಡುತ್ತಿದ್ದರೋ ಏನೋ. ನನಗಂತೂ ಹಾಗೇ ಅನಿಸುತ್ತದೆ.

ಮಗಳಿಗೆ ಅರ್ಥವನ್ನು ಇದ್ದ ಹಾಗೇ ಹೇಳಿ. ಪ್ರಶ್ನೆ ತಪ್ಪಲ್ಲ, ಆದರೆ ಕೇಳಬೇಕಾದವಳು ಅವಳ ಅತ್ತೆ, ಅಂದರೆ ನಿಮ್ಮ ನಾದಿನಿ ಅನ್ನುವುದನ್ನೂ ಹೇಳಿ. ಆ ಪದ ಹಿಡಿದುಕೊಂಡು ಮನೆಯಲ್ಲಿ ಸುಮ್ನೆ ಜಗಳ ಬೇಡ. ನಮ್ಮಜ್ಜಿ ನೆಂಟರೆದುರು ನನ್ನನ್ನು 'ಅಧಿಕಪ್ರಸಂಗಿ, ಒಳಗೆ ನಡಿ' ಅಂತ ಗದರುತ್ತಿದ್ದರು. ನೆಂಟರು ಗೇಟು ದಾಟಿದ ಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ, 'ನೀನು ಕೇಳಿದ್ದಕ್ಕೆ ಅವರೇನಂದರೇ?' ಅನ್ನುತ್ತಿದ್ದರು. ನಿಮ್ಮತ್ತೆಯೂ ಕೇಳಿರಬಹುದು, ಮಗಳನ್ನು ವಿಚಾರಿಸಿ ನೋಡಿ.