ಅಂತರ್ಜಾಲದ ನಿಯಮ ಮಾಡುವಲ್ಲಿ ನಮ್ಮ ಮಾತು ನಡೆಯುವುದೇ?

ಪ್ರಶ್ನೆ: ಇತ್ತೀಚೆಗೆ ಒಂದು ಜಾಲತಾಣದ ಅರ್ಜಿಯಲ್ಲಿ ನನ್ನ ಹೆಸರನ್ನೂ ಮನೆ ವಿಳಾಸವನ್ನೂ ಕನ್ನಡದಲ್ಲಿ ತುಂಬಿದಾಗ ‘ಅಮಾನ್ಯ ಅಕ್ಷರ’ ಎಂಬ ಕೆಂಪು ಸಾಲು ಮೂಡಿತು. ಅಂತರ್ಜಾಲದ ನಿಯಮಗಳನ್ನು ದೂರದಲ್ಲಿ ಯಾರೋ ಮಾಡುತ್ತಾರಂತೆ. ನನ್ನಂತಹ ಕೃಷಿಕನ ಮಾತಿಗೆ ಅಲ್ಲಿ ಜಾಗವಿದೆಯೇ?
– ಓದುಗರು, ಬದಿಯಡ್ಕ

ಉತ್ತರ: ಜಾಗವಿದೆ, ಆದರೆ ಅದು ಕಿರಿದು. ನಿಮಗಾದ ತೊಂದರೆ ಆ ತಾಣವನ್ನು ಕಟ್ಟಿದವರ ಲೋಪವಾದ್ದರಿಂದ ದೂರು ಮೊದಲು ಅವರಿಗೇ ಹೋಗಬೇಕು. ಇಡೀ ಜಗತ್ತಿನ ತಾಣಗಳ ಹೆಸರಿನ ವ್ಯವಸ್ಥೆಯನ್ನು ನೋಡಿಕೊಳ್ಳುವುದು 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಎಂಬ ಸಂಸ್ಥೆ. 2000ದಲ್ಲಿ ಅದರ ಐವರು ನಿರ್ದೇಶಕರನ್ನು ಸಾಮಾನ್ಯ ಬಳಕೆದಾರರೇ ಅಂತರ್ಜಾಲದ ಮೂಲಕ ಮತ ಹಾಕಿ ಆರಿಸಿದ್ದರು. ಆ ನೇರ ಚುನಾವಣೆ ಮತ್ತೆ ನಡೆಯಲಿಲ್ಲ. ಅದನ್ನು ಕೈಬಿಟ್ಟದ್ದು ದೊಡ್ಡ ನಷ್ಟವೆಂದೇ ನನ್ನ ಭಾವನೆ. ಅದರ ಬದಲಿಗೆ ಬಂದದ್ದು ‘ಅಟ್-ಲಾರ್ಜ್’ ಎಂಬ ಬಳಕೆದಾರರ ಸಮುದಾಯ. ಐದು ಭೂಭಾಗಗಳ ಸಂಘಟನೆಗಳು, ಅವುಗಳ ಮೇಲೆ ಹದಿನೈದು ಮಂದಿಯ ಸಲಹಾ ಸಮಿತಿ, ಆಡಳಿತ ಮಂಡಳಿಯಲ್ಲಿ ಮತದ ಹಕ್ಕುಳ್ಳ ಒಂದು ಸ್ಥಾನ, ಇಷ್ಟು ಅದರ ಬಲ. ನಮ್ಮದು ಏಷ್ಯಾ-ಪೆಸಿಫಿಕ್ ಭಾಗ. ಯಾವ ಸಂಘದ ಬೆಂಬಲವೂ ಇಲ್ಲದೆ ವ್ಯಕ್ತಿಯಾಗಿಯೇ ಅದಕ್ಕೆ ಸೇರಬಹುದು. ಆದರೆ ಸಮಿತಿ ಕೊಡುವುದು ಸಲಹೆಯನ್ನು ಮಾತ್ರ, ಮಂಡಳಿ ಅದನ್ನು ಒಪ್ಪಲೇಬೇಕೆಂದಿಲ್ಲ. ಅಲ್ಲಿನ ಮುಖ್ಯ ಕಾಗದಪತ್ರಗಳು ಅನುವಾದವಾಗುವುದು ವಿಶ್ವಸಂಸ್ಥೆಯ ಆರು ಭಾಷೆಗಳಿಗೆ. ಅವುಗಳಲ್ಲಿ ಭಾರತದ ನೆಲದ ನುಡಿ ಒಂದೂ ಇಲ್ಲ.

ನಮಗೆ ಹೆಚ್ಚು ಹತ್ತಿರದ ಬಾಗಿಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ್ದು, ಅಂದರೆ ಟ್ರಾಯ್‌ನದು. ಯಾವುದೇ ದೊಡ್ಡ ನಿಯಮಕ್ಕೆ ಮುನ್ನ ಅದು ಸಮಾಲೋಚನಾ ಪತ್ರವನ್ನು ಹೊರಡಿಸಿ ಎಲ್ಲರ ಅಭಿಪ್ರಾಯ ಕೇಳುತ್ತದೆ. 2015ರಲ್ಲಿ ಅಂತರ್ಜಾಲದ ಸಮಾನತೆಯ, ಅಂದರೆ ಎಲ್ಲ ತಾಣಗಳನ್ನೂ ಒಂದೇ ರೀತಿ ಕಾಣಬೇಕೆಂಬ ಪ್ರಶ್ನೆ ಎದ್ದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಬಂದವು. 2016ರ ಫೆಬ್ರವರಿ 8ರಂದು, ತಾಣಕ್ಕೊಂದು ದರವೆಂದು ಡೇಟಾ ಮಾರುವುದನ್ನು ಟ್ರಾಯ್ ನಿಷೇಧಿಸಿತು. ಆ ಅಂಚೆಗಳಲ್ಲಿ ಬಹಳಷ್ಟು ಯಾರೋ ಬರೆದಿಟ್ಟದ್ದನ್ನು ಹಾಗೆಯೇ ಕಳುಹಿಸಿದವು. ಸಂಖ್ಯೆಯ ತೂಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಯಾವ ಪುಟದಲ್ಲಿ, ಯಾವ ಖಾನೆಯಲ್ಲಿ, ಯಾವ ಅಕ್ಷರವನ್ನು ತುಂಬಿದಾಗ ಏನಾಯಿತೆಂದು ನೀವೇ ಬರೆಯುವ ಒಂದು ಪುಟದ ಕಾಗದವನ್ನು ತಳ್ಳಿಹಾಕುವುದು ಅಧಿಕಾರಿಗಳಿಗೂ ಕಷ್ಟ.

ಕನ್ನಡದಲ್ಲಿ ಬರೆಯಬಹುದೇ ಎಂಬ ಅಳುಕು ಬೇಡ. ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಇಲ್ಲಿನ ಕನ್ನಡಿಗರು ರಾಜ್ಯ ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಕೊಡುತ್ತದೆ. ಕಾಸರಗೋಡಿನ ನಾವು ಕಾಗದದ ಅರ್ಜಿಗಾಗಿ ಕೇಳುತ್ತ ಬಂದದ್ದನ್ನೇ ಈಗ ಪರದೆಯ ಮೇಲಿನ ಅರ್ಜಿಗೂ ಕೇಳಬೇಕಾಗಿದೆ.

ಪ್ರಶ್ನೆ: ತಾಣದ ಹೆಸರು ಪೂರ್ತಿಯಾಗಿ ಕನ್ನಡ ಲಿಪಿಯಲ್ಲೇ ಇರಬಹುದಂತೆ. ನಮ್ಮೂರಲ್ಲಿ ತೆಲುಗು, ಕನ್ನಡ ಎರಡೂ ಇವೆ. ಗೊಂದಲವಾಗುವುದಿಲ್ಲವೇ?
– ಓದುಗರು, ಮಡಕಶಿರಾ

ಉತ್ತರ: ಆಗುತ್ತದೆ, ಆದ್ದರಿಂದಲೇ ಅದಕ್ಕೆ ನಿಯಮವಿದೆ. ‘ಬಲ’ ಎಂಬ ಪದವನ್ನು ತೆಲುಗಿನಲ್ಲಿ ಬರೆದು ನಮ್ಮ ‘ಬಲ’ದ ಪಕ್ಕದಲ್ಲಿಡಿ: ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಸಂಕೇತಗಳು. ಒಂದನ್ನು ನಂಬಿಕಸ್ಥರು ಪಡೆದು ಇನ್ನೊಂದನ್ನು ವಂಚಕರು ಪಡೆದರೆ ಮೋಸಹೋಗುವವರು ನಿಮ್ಮ ಊರಿನವರೇ. ಚುಕ್ಕೆಯ ಬಲಕ್ಕೆ ಬರುವ ಕೊನೆಯ ಹೆಸರುಗಳಿಗಾಗಿ, ಕನ್ನಡವೂ ಸೇರಿದಂತೆ ಒಂಬತ್ತು ಲಿಪಿಗಳ ಕುರಿತು ನವ-ಬ್ರಾಹ್ಮಿ ಸಮಿತಿ, ಅಂದರೆ ಬ್ರಾಹ್ಮಿಯಿಂದ ಬೆಳೆದ ಲಿಪಿಗಳನ್ನು ಬಲ್ಲವರ ಗುಂಪು, ನಿಯಮಗಳನ್ನು ರೂಪಿಸಿತು. ಕನ್ನಡದ ನಿಯಮಗಳು 2019ರಲ್ಲಿ ಐಕ್ಯಾನ್‌ನ ಪಟ್ಟಿಗೆ ಸೇರಿದವು. ಅದಕ್ಕೆ ಮುನ್ನ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಡಲಾಗಿತ್ತು. ಯಾವ ಅಕ್ಷರ ಯಾವುದರಂತೆ ಕಾಣುತ್ತದೆ ಎಂಬುದನ್ನು ಎರಡೂ ಲಿಪಿಗಳ ಅಂಗಡಿ ಫಲಕಗಳನ್ನು ಓದುತ್ತ ಬೆಳೆದ ನಿಮ್ಮಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಇಂತಹ ಕರಡು ಮುಂದೆ ಬಂದಾಗ, ನೀವು ಎಡವಿದ ಜೋಡಿ ಅಕ್ಷರಗಳನ್ನು ಬರೆದು ದಯವಿಟ್ಟು ಅಲ್ಲಿಗೆ ಕಳುಹಿಸಿ.